ಚಂದ್ರನ ಮೇಲಿನ ರೊಟ್ಟಿ

ಮೊನ್ನೆ ಸಂಜೆ ಹಂಚಿನ ಮೇಲಿದ್ದ ಜೋಳದ ರೊಟ್ಟಿಯ ಅಂಚು ಕರಕಾಗಿ ಮನೆತುಂಬ ವಾಸನೆ ಹರಡಿತು. ತಪ್ಪು ನನ್ನದೇ, ಕಿವಿ ನಡುಮನೆಯಲ್ಲಿತ್ತು. ಅಲ್ಲಿ ಮೊಮ್ಮಗಳೂ ಅವಳ ಗೆಳತಿಯರೂ ಟಿವಿಯ ಮುಂದೆ ಕೂತು ಜಗಳಕ್ಕೆ ಬಿದ್ದಿದ್ದರು. ನಕ್ಷತ್ರಗಳ ನಡುವೆ ಹಡಗಿನಲ್ಲಿ ತಿರುಗುವವರ ಧಾರಾವಾಹಿಯೊಂದನ್ನು ಅವರು ವಾರವಾರವೂ ತಪ್ಪದೆ ನೋಡುತ್ತಾರೆ. ಆ ವಾರದ ಕಂತಿನಲ್ಲಿ ಗುಂಡು ಹಾರಲಿಲ್ಲವಂತೆ, ಯಾರೂ ಸಾಯಲಿಲ್ಲವಂತೆ. ಇಬ್ಬರು ಕೆಟ್ಟ ಯಂತ್ರವೊಂದನ್ನು ರಿಪೇರಿ ಮಾಡುತ್ತ ಮಾತಾಡಿದ್ದೇ ಬಂತಂತೆ. ಗೆಳತಿಯರೆಲ್ಲ ಸಪ್ಪೆ ಎಂದು ತೀರ್ಪು ಕೊಟ್ಟಾಗಿತ್ತು. ನನ್ನ ಮೊಮ್ಮಗಳೊಬ್ಬಳೇ ಎಲ್ಲಕ್ಕಿಂತ ಅದೇ ಚೆನ್ನಾಗಿದೆ ಎಂದು ಹಟ ಹಿಡಿದಿದ್ದಳು. ಆ ಕರಕಲು ವಾಸನೆ, ಈ ಜಗಳ... ಎರಡೂ ಕೂಡಿ ನನ್ನನ್ನು ಹಿಟ್ಟು ಮೆತ್ತಿದ ಕೈಯಲ್ಲೇ ಗದುಗಿನ ಪಕ್ಕದ ಬೆಟಗೇರಿಯ ಹಳೆಯ ಓಣಿಗೆ ಎಳೆದುಕೊಂಡು ಹೋದವು. ಎದುರುಮನೆಯ ಚಿಗವ್ವ ನೆನಪಾದಳು.

ನಮ್ಮದು ನೇಕಾರರ ಓಣಿ. ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ಕನ್ನಡ ನಾಡು ಒಂದಾಗಬೇಕೆಂಬ ಮಾತು ಚಹಾದಂಗಡಿಯಿಂದ ಮಗ್ಗದ ಕುಣಿಯವರೆಗೂ ಇಳಿದಿತ್ತು. ದಿನವೆಲ್ಲ ಮಗ್ಗದ ಸಪ್ಪಳದಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುತ್ತಿರಲಿಲ್ಲ. ಅಮಾವಾಸ್ಯೆ ಬಂದರೆ ಮಾತ್ರ ಮಗ್ಗಕ್ಕೆ ರಜೆ. ಅಂದು ಮಗ್ಗ ಒರೆಸಿ, ಪೂಜೆ ಮಾಡಿ, ಉಂಡ ಮೇಲೆ ಎಲ್ಲರೂ ದೊಡ್ಡಪ್ಪನ ಪಡಸಾಲೆಗೆ ಬಂದು ಸೇರುತ್ತಿದ್ದರು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ಹುಡುಗಿ ಎಂಬ ಹೆಮ್ಮೆಯಿಂದ ನನ್ನನ್ನು ನಡುವೆ ಕೂಡಿಸಿ, ಮಾಸಪತ್ರಿಕೆಯೊಂದರಲ್ಲಿ ಬರುತ್ತಿದ್ದ ಚಂದ್ರಲೋಕಕ್ಕೆ ಹೋದವರ ಕಥೆಯನ್ನು ಓದಿಸುತ್ತಿದ್ದರು. ಚಂದ್ರನೇ ಇಲ್ಲದ ದಿನ ನಿಮಗೆ ಚಂದ್ರನ ಕಥೆ ಬೇಕೇ ಎಂದು ಶಾಲೆಯ ಮಾಸ್ತರರು ನಗುತ್ತಿದ್ದರು. ಎಲ್ಲರಿಗಿಂತ ಮೊದಲು ಬಂದು ಜಾಗ ಹಿಡಿಯುತ್ತಿದ್ದವರೂ ಅವರೇ.

ಚಿಗವ್ವ ಎಂದು ಚಿಕ್ಕಮ್ಮನಂತೆ ಕರೆದರೂ ರಕ್ತಸಂಬಂಧವೇನೂ ಅಲ್ಲ, ಎದುರುಮನೆಯ ಸೊಸೆ. ತವರು ಶಿರಹಟ್ಟಿ. ಮದುವೆಯಾಗಿ ಬಂದ ಸ್ವಲ್ಪ ದಿನಕ್ಕೇ ನಿಜಾಮನ ಸೀಮೆಯ ಗಲಾಟೆ ಶುರುವಾಯಿತು. ಅವಳ ಗಂಡ ಮುಂಡರಗಿಯ ಕಡೆ ಹೋರಾಟಗಾರರ ಶಿಬಿರ ಸೇರಿದ. ಅಲ್ಲಿಂದ ಜೊತೆಗಾರರೊಂದಿಗೆ ನಿಜಾಮನ ಗಡಿ ದಾಟಿ ಹೋದ. ಜೊತೆಗಾರರು ತಿರುಗಿ ಬಂದರು, ಅವನು ಬರಲಿಲ್ಲ. ಸತ್ತದ್ದನ್ನು ಕಂಡವರಿಲ್ಲ, ಬದುಕಿದ್ದಾನೆ ಎನ್ನುವವರೂ ಇಲ್ಲ. ನಿಜಾಮನ ಆಳ್ವಿಕೆ ಮುಗಿದು ವರ್ಷಗಳಾದರೂ ಅವನ ಖಬರು ಮಾತ್ರ ಬರಲಿಲ್ಲ.

ಚಿಗವ್ವನ ಅತ್ತೆಯನ್ನು ಓಣಿಯೆಲ್ಲ ಆಯಿ ಎಂದೇ ಕರೆಯುತ್ತಿತ್ತು. ಕೆಟ್ಟವಳಲ್ಲ. ಆದರೆ ಅವಳದೊಂದು ಕಟ್ಟಳೆಯಿತ್ತು. ಹಂಚಿನಿಂದ ಇಳಿದ ಮೊದಲ ರೊಟ್ಟಿ ಮಗನ ಪಾಲು. ಅದನ್ನು ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿ ಇಡಬೇಕು, ಯಾವ ಹೊತ್ತಿನಲ್ಲಿ ಬರುತ್ತಾನೋ ಏನೋ. ಮರುದಿನ ಅದು ತಂಗಳಾಗುತ್ತಿತ್ತು. ಗಂಡನ ಪಾಲಿನ ಅನ್ನವನ್ನು ಬೇರೆಯವರಿಗೆ ಹಾಕುವಂತಿಲ್ಲ, ಹೆಂಡತಿಯೇ ತಿನ್ನಬೇಕು. ತಂಗಳ ರೊಟ್ಟಿ, ಮೊಸರು ಎಂದರೆ ನಮ್ಮ ಕಡೆಯವರಿಗೆ ಪ್ರೀತಿಯೇ. ಆದರೆ ಮನೆಮಂದಿಗೆಲ್ಲ ಬಿಸಿ ಬಿಸಿ ಬಡಿದು ಹಾಕಿ, ತಾನು ಮಾತ್ರ ವರ್ಷಗಟ್ಟಲೆ ನಿನ್ನೆಯದನ್ನೇ ತಿನ್ನುವುದೆಂದರೆ... ಅವಳ ಮದುವೆ ಎನ್ನುವುದು ಆ ಬುಟ್ಟಿಯಲ್ಲಿತ್ತು, ಅಷ್ಟೇ.

ಹೀಗಿರುವಾಗ ಶಿರಹಟ್ಟಿಯಿಂದ ಅವಳ ಅಣ್ಣ ಬಂದ. ಲಕ್ಷ್ಮೇಶ್ವರದಲ್ಲಿ ನೂಲಿಗೆ ಬಣ್ಣ ಹಾಕುವ ನಮ್ಮವರೇ ಒಬ್ಬರಿದ್ದರು, ಹೆಂಡತಿ ತೀರಿಕೊಂಡಿದ್ದಳು. ಉಡಿಕೆ ಮಾಡಿಕೊಡೋಣ ಎಂದು ಅವನು ಆಯಿಯ ಮುಂದೆ ಮಾತು ತೆಗೆದ. ಉಡಿಕೆ ಎಂದರೆ ಗಂಡ ಸತ್ತವಳಿಗೆ ಮತ್ತೆ ಮದುವೆ, ನಮ್ಮಲ್ಲಿ ಅದು ನಡೆದು ಬಂದದ್ದೇ. ಆದರೆ ಇಲ್ಲಿ ಸತ್ತನೆಂದು ಹೇಳುವವರು ಯಾರು? ಆಯಿ ಹೂಂ ಅಂದರೆ ತನ್ನ ಬಾಯಿಂದಲೇ ಮಗನನ್ನು ಕೊಂದ ಹಾಗೆ. ಅವಳು ಸುಮ್ಮನೆ ರೊಟ್ಟಿ ಬುಟ್ಟಿಯ ಕಡೆ ಕೈ ತೋರಿಸಿದಳು. ದೊಡ್ಡಪ್ಪ ನಡುವೆ ಬಂದು, ವಿಚಾರ ಮಾಡಲು ಯುಗಾದಿಯವರೆಗೆ ಸಮಯ ಕೊಡು ಎಂದು ಅಣ್ಣನನ್ನು ಕಳಿಸಿದ. ಚಿಗವ್ವನನ್ನು ಯಾರೂ ಕೇಳಲಿಲ್ಲ. ಅವಳು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತ ಕೂತಳು. ನನಗೆ ಎಲ್ಲರ ಮೇಲೂ ಸಿಟ್ಟು ಬಂದಿತ್ತು.

ಯುಗಾದಿಗೆ ಇನ್ನೂ ಒಂದು ತಿಂಗಳಿರುವಾಗ ಅಮಾವಾಸ್ಯೆ ಬಂತು. ಹಿಂದಿನ ಕಂತು ಭಾರೀ ಜಾಗದಲ್ಲಿ ನಿಂತಿತ್ತು. ಚಂದ್ರನ ಮೇಲೆ ಇಳಿದವರಿಗೆ ಗವಿಯೊಂದರ ಬಾಯಲ್ಲಿ ದೊಡ್ಡ ದೊಡ್ಡ ಹೆಜ್ಜೆ ಕಂಡು, ಅಡಿಗೆಯವನೊಬ್ಬನನ್ನು ಹಡಗಿನಲ್ಲಿ ಬಿಟ್ಟು ಎಲ್ಲರೂ ಒಳಗೆ ಹೋಗಿದ್ದರು. ಗವಿಯಲ್ಲಿ ಏನಿದೆ ಎಂದು ಓಣಿ ತಿಂಗಳಿಡೀ ತಲೆ ಕೆಡಿಸಿಕೊಂಡಿತ್ತು. ನಾನು ಓದತೊಡಗಿದೆ. ಗವಿಯ ಸುದ್ದಿಯೇ ಇಲ್ಲ! ಕಂತು ಪೂರ್ತಿ ಹಡಗಿನಲ್ಲಿ ಉಳಿದ ಅಡಿಗೆಯವನದೇ. ಅವನು ಹಿಟ್ಟು ನಾದುತ್ತಾನೆ, ರೊಟ್ಟಿ ಬಡಿಯುತ್ತಾನೆ, ಹೋದವರು ಬರುವ ಹೊತ್ತಾಯಿತೆಂದು ಹೊರಗೆ ನೋಡುತ್ತಾನೆ, ಮತ್ತೆ ಬಡಿಯುತ್ತಾನೆ. ಬರೆದವರು ನಮ್ಮ ಸೀಮೆಯವರೇ ಇರಬೇಕು, ಚಂದ್ರನ ಮೇಲೆ ಹೋದರೂ ಜೋಳದ ರೊಟ್ಟಿ ಬಿಡಲಿಲ್ಲ.

ಓದಿ ಮುಗಿಸುವುದರೊಳಗೆ ಪಡಸಾಲೆ ಗೊಣಗತೊಡಗಿತು. ಬೆಟ್ಟ ಅಗೆದು ಇಲಿ ಹಿಡಿದಂತಾಯಿತು ಎಂದ ದೊಡ್ಡಪ್ಪ. ಗಾಳಿಯೇ ಇಲ್ಲದ ಊರಿನಲ್ಲಿ ಒಲೆ ಉರಿದದ್ದು ಹೇಗೆ ಎಂದು ಮಾಸ್ತರರು ಮೂಗು ಮುರಿದರು, ಪತ್ರಿಕೆಗೆ ಇವತ್ತೇ ಕಾರ್ಡು ಬರೆಯುತ್ತೇನೆ ಎಂದರು. ಇಂಥ ಕಂತು ಇನ್ನೊಂದು ಬಂದರೆ ಪತ್ರಿಕೆ ತರಿಸುವುದನ್ನೇ ಬಿಡೋಣ ಎಂಬ ಮಾತೂ ಬಂತು. ಆಗ ಕಂಬಕ್ಕೆ ಒರಗಿ ಕೂತಿದ್ದ ಆಯಿ ಬಾಯಿ ಬಿಟ್ಟಳು.

"ನನಗ ಇದ ಚಲೋ ಅನಿಸ್ತು. ಹೋದವರ ಪಾಲು ಎತ್ತಿಟ್ಟಾನ ನೋಡ್ರಿ. ಮನಿ ಕಾಯಾವರು ಹಂಗ ಇರಬೇಕು."

ಎಲ್ಲರ ಕಣ್ಣೂ ಚಿಗವ್ವನ ಕಡೆ ತಿರುಗಿದವು. ಮಾತು ಯಾರಿಗೆ ಮುಟ್ಟಲಿ ಎಂದು ಆಡಿದ್ದೆಂದು ಗೊತ್ತಾಗದಷ್ಟು ದಡ್ಡರು ಅಲ್ಲಿ ಯಾರೂ ಇರಲಿಲ್ಲ. ಚಿಗವ್ವ ತಲೆ ಎತ್ತಿದಳು. ಆ ಪಡಸಾಲೆಯಲ್ಲಿ ಅವಳ ದನಿ ಕೇಳಿದ್ದು ಅದೇ ಮೊದಲು.

"ನನಗೂ ಇದ ಚಲೋ ಅನಿಸೇತ್ರಿ. ಆ ಕಡೀ ಸಾಲು ಇನ್ನೊಮ್ಮೆ ಓದವ್ವಾ."

ನಾನು ಓದಿದೆ. ಹೋದವರ ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿಟ್ಟು, ತನ್ನದನ್ನು ಬಿಸಿಯಿರುವಾಗಲೇ ತಿಂದು, ಅವನು ಬಾಗಿಲ ಕಡೆ ನೋಡುತ್ತ ಕೂತ ಎಂದಿತ್ತು. ಮೊದಲ ಸಲ ಗೊಣಗಾಟದಲ್ಲಿ ಆ ಸಾಲು ಯಾರ ಕಿವಿಗೂ ಬಿದ್ದಿರಲಿಲ್ಲ.

"ಎತ್ತಿಟ್ಟಾನ, ಖರೆ," ಎಂದಳು ಚಿಗವ್ವ. "ಆದ್ರ ತನ್ನದು ಬಿಸಿ ಇದ್ದಾಗ ತಿಂದಾನ್ರಿ. ಹೋದವರ ಆಸೆ ಬಿಟ್ಟು ತಿಂದಿಲ್ಲ. ಹಸಿವಿ ಆಗಿತ್ತು, ತಿಂದ. ಅದರಾಗ ತಪ್ಪೈತೇನ್ರಿ ಅತ್ತಿ?"

ಮಾಸ್ತರರೂ ಗಾಳಿಯ ವಿಷಯ ಮರೆತರು. ಆಯಿ ಸೆರಗು ಸರಿಮಾಡಿಕೊಂಡು ಎದ್ದು ಮನೆಗೆ ಹೋದಳು. ಇನ್ನು ಚಿಗವ್ವನ ಗತಿ ಮುಗಿಯಿತು ಎಂದುಕೊಂಡೆ.

ಮರುದಿನ ಬೆಳಿಗ್ಗೆ ಒಲೆಗೆ ಕೆಂಡ ಕೇಳುವ ನೆಪ ಮಾಡಿಕೊಂಡು ಎದುರುಮನೆಗೆ ಹೋದೆ. ಒಲೆಯ ಮುಂದೆ ಚಿಗವ್ವ ಇರಲಿಲ್ಲ, ಆಯಿ ಕೂತಿದ್ದಳು. ಎಷ್ಟೋ ವರ್ಷಗಳಿಂದ ರೊಟ್ಟಿ ಬಡಿಯದ ಕೈ, ರೊಟ್ಟಿ ಒಂದು ಕಡೆ ದಪ್ಪ, ಅಂಚೆಲ್ಲ ಕರಕು. ಹಂಚಿನಿಂದ ಇಳಿದ ಮೊದಲ ರೊಟ್ಟಿಯನ್ನು ಅವಳು ಸೊಸೆಯ ತಾಟಿಗೆ ಹಾಕಿದಳು.

"ತಿನ್ನು. ಆರತೈತಿ."

ಚಿಗವ್ವ ತಾಟು ಮುಟ್ಟದೆ ಬುಟ್ಟಿಯ ಕಡೆ ನೋಡಿದಳು. ಆಯಿ ಒಲೆಯಿಂದ ಮುಖ ತಿರುಗಿಸಲಿಲ್ಲ.

"ಅವಂದು ಇನ್ನ ಮ್ಯಾಲೆ ನಾ ಇಡ್ತೀನಿ. ಹಡದಾಕಿ ನಾನು, ಕಾಯೋದು ನಂದು. ನೀ ಉಣ್ಣು."

ಚಿಗವ್ವ ಆ ಕರಕಲು ರೊಟ್ಟಿಯನ್ನು ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದಳು. ಕಣ್ಣೀರು ಇಳಿಯುತ್ತಿತ್ತು, ಕೈ ಮಾತ್ರ ನಿಲ್ಲಲಿಲ್ಲ. ನಾನು ಕೆಂಡ ಕೇಳುವುದನ್ನೇ ಮರೆತು ಮನೆಗೆ ಬಂದೆ, ಅವ್ವನಿಂದ ಬೈಸಿಕೊಂಡೆ.

ಮುಂದಿನ ತಿಂಗಳ ಪತ್ರಿಕೆಯಲ್ಲಿ ಓದುಗರ ಕಾರ್ಡುಗಳು ಅಚ್ಚಾಗಿದ್ದವು. ಎಲ್ಲವೂ ಬೈಗುಳವೇ, ಮಾಸ್ತರರದೂ ಅದರಲ್ಲೊಂದು. ಬರೆದವರು ಹೆದರಿದರೋ ಏನೋ, ಆ ಕಂತಿನಲ್ಲಿ ರಾಶಿ ರಾಶಿ ರಾಕ್ಷಸರನ್ನು ತಂದು ಸುರಿದಿದ್ದರು. ದೊಡ್ಡಪ್ಪನಿಗೆ ಭಾರೀ ಖುಷಿ. ಚಿಗವ್ವ ಮಾತ್ರ ನನ್ನ ಕಿವಿಯಲ್ಲಿ, ಅಡಿಗೆಯವ ಏನಾದ ಎಂದು ಕೇಳಿದಳು. ಅವನ ಸುದ್ದಿ ಇರಲಿಲ್ಲ. ಹೀಗೇ ಕೆಲವು ಸಂಚಿಕೆ ಬಂದು ಆ ಪತ್ರಿಕೆಯೇ ನಿಂತುಹೋಯಿತು.

ಯುಗಾದಿಗೆ ಅಣ್ಣ ತಿರುಗಿ ಬಂದಾಗ ಆಯಿ ಬುಟ್ಟಿಯ ಕಡೆ ಕೈ ತೋರಿಸಲಿಲ್ಲ. ನಾಡು ಒಂದಾದ ವರ್ಷವೇ ಲಕ್ಷ್ಮೇಶ್ವರದ ಆ ಬಣ್ಣದವರೊಂದಿಗೆ ಚಿಗವ್ವನ ಉಡಿಕೆಯೂ ಆಯಿತು. ಗದುಗಿನ ಬೀದಿಗಳಲ್ಲಿ ತೋರಣ ಕಟ್ಟಿದ್ದರು. ಅವಳನ್ನು ಲಕ್ಷ್ಮೇಶ್ವರಕ್ಕೆ ಕಳಿಸಿಕೊಟ್ಟು ಬಂದ ಆಯಿ ನಮ್ಮ ಕಟ್ಟೆಯ ಮೇಲೆ ಕೂತಳು. ಮುಂಡರಗಿಯ ಆಚೆಯದೂ ಈಗ ನಮ್ಮ ನಾಡೇ, ನಡುವೆ ಗಡಿ ಇಲ್ಲ ಎಂದು ಯಾರೋ ಅವಳಿಗೆ ಹೇಳಿದ್ದರು.

"ಗಡಿ ಇಲ್ಲಂತ. ಬರಾಕ ಇನ್ನ ಹಾದಿ ಸಸಾರ ಆತು," ಎಂದಳು.

ಆಮೇಲೆ ತಾನು ಸಾಯುವವರೆಗೂ ಅವಳು ಮೊದಲ ರೊಟ್ಟಿ ಎತ್ತಿಡುತ್ತಿದ್ದಳು. ಮರುದಿನ ತಾನೇ ತಿನ್ನುತ್ತಿದ್ದಳು. ಕಡೆಗಾಲದಲ್ಲಿ ಲಕ್ಷ್ಮೇಶ್ವರದಿಂದ ಬಂದು ಅವಳ ಬಾಯಿಗೆ ಅಂಬಲಿ ಹಾಕಿದವಳು ಚಿಗವ್ವನೇ, ಸೊಂಟದ ಮೇಲೆ ಕೂಸು ಇತ್ತು.

ಚಿಗವ್ವ ಹೋಗಿ ಈಗ ಬಹಳ ವರ್ಷಗಳಾದವು. ಸುದ್ದಿ ನನಗೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಕಡೆಯ ಸಲ ಕಂಡಾಗ ಅವಳ ಬೆರಳುಗಳಿಗೆ ನೀಲಿ ಬಣ್ಣ ಹತ್ತಿತ್ತು, ಮೈ ತುಂಬಿಕೊಂಡಿತ್ತು, ದನಿ ದೊಡ್ಡದಾಗಿತ್ತು... ಆ ದನಿಯನ್ನು ಇನ್ನೊಮ್ಮೆ ಕೇಳಬೇಕಿತ್ತು ಎಂದು ಈಗಲೂ ಅನಿಸುತ್ತದೆ.

ಮೊನ್ನೆ ಗೆಳತಿಯರೆಲ್ಲ ಹೋದ ಮೇಲೆ ಮೊಮ್ಮಗಳು ಮುಖ ಊದಿಸಿಕೊಂಡು ಅಡಿಗೆಮನೆಗೆ ಬಂದಳು. ಕೂಡಿಸಿ ಈ ಕಥೆ ಹೇಳಿದೆ. ಎಲ್ಲ ಕೇಳಿ, ಚಂದ್ರನ ಮೇಲೆ ಗವಿಯೊಳಗೆ ಹೋದವರು ತಿರುಗಿ ಬಂದರೇನು ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಅದು ಯಾರಿಗೂ ಗೊತ್ತಾಗಲಿಲ್ಲ, ಅಡಿಗೆಯವನು ಉಂಡಿದ್ದನೆಂಬುದಷ್ಟೇ ಗೊತ್ತು. ಇಷ್ಟು ಹೇಳುವಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಉಬ್ಬಿತು. ತೆಗೆದು ಅವಳ ತಾಟಿಗೆ ಹಾಕಿದೆ.

"ತಿನ್ನು. ಆರತೈತಿ."