ಬೋಳುಗಲ್ಲಿನ ಬಿಳಿ ಬಾಣಗಳು

ಷಡಕ್ಷರಪ್ಪ ಹಳೇಬೀಡಿನ ಹೈಸ್ಕೂಲೊಂದರಲ್ಲಿ ಇಪ್ಪತ್ತೊಂಬತ್ತು ವರ್ಷ ಡ್ರಿಲ್ ಮೇಷ್ಟರಾಗಿದ್ದವರು. ಸೀಟಿ ಊದಿ ಊದಿ ಅವರ ಕೆಳತುಟಿ ಒಂದು ಪಕ್ಕಕ್ಕೆ ವಾಲಿದೆ ಎಂದು ಹುಡುಗರು ಆಡಿಕೊಳ್ಳುತ್ತಿದ್ದರು. ನಿವೃತ್ತಿಗೆ ಎರಡು ವರ್ಷ ಇರುವಾಗ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತು. ದಿನಾ ಒಂದು ಗಂಟೆ ನಡೆಯಬೇಕೆಂದರು ಡಾಕ್ಟರು. ಬಸ್ತಿಹಳ್ಳಿಯ ಮನೆಯಿಂದ ಕೆರೆ ಏರಿಯವರೆಗೆ ಹೋಗಿ ಬಂದಿದ್ದರೂ ಸಾಕಿತ್ತು. ಆದರೆ ಸಮತಟ್ಟು ನೆಲದ ಮೇಲೆ ನಡೆಯುವುದು ಮೇಷ್ಟರಿಗೆ ನಡಿಗೆ ಅನ್ನಿಸಲಿಲ್ಲ. ಅರಸೀಕೆರೆ ದಿಕ್ಕಿಗೆ ನಾಲ್ಕು ಮೈಲಿ ಬೈಕಿನಲ್ಲಿ ಹೋಗಿ ಬೋಳುಗಲ್ಲು ಗುಡ್ಡ ಹತ್ತತೊಡಗಿದರು.

ಹೆಸರಿಗೆ ತಕ್ಕ ಗುಡ್ಡ ಅದು. ಬುಡದಲ್ಲಿ ಲಂಟಾನ, ಕಾರೆ ಕಂಟಿ, ನಾಲ್ಕಾರು ಈಚಲು ಮರ. ಅರ್ಧಕ್ಕೆ ಹತ್ತಿದರೆ ಮರವೆಂಬುದಿಲ್ಲ. ಸೊಂಟದೆತ್ತರದ ಹುಲ್ಲು, ನಡುನಡುವೆ ಕರಿಬಂಡೆ, ಸದಾ ಬೀಸುವ ಗಾಳಿ. ನೆತ್ತಿಯಲ್ಲೊಂದು ಚಪ್ಪಟೆ ಬಂಡೆ. ಅಲ್ಲಿ ನಿಂತರೆ ಒಂದು ಕಡೆ ಹಳೇಬೀಡಿನ ಕೆರೆ ತಟ್ಟೆಯಂತೆ ಹೊಳೆಯುತ್ತದೆ, ಇನ್ನೊಂದು ಕಡೆ ಅರಸೀಕೆರೆಯವರೆಗೂ ತೆಂಗಿನ ತೋಟಗಳು, ಪಡುವಣಕ್ಕೆ ಮಲೆನಾಡಿನ ಬೆಟ್ಟಗಳ ನೀಲಿ ಗೆರೆ. ಮೇಷ್ಟರು ಅದಕ್ಕೆ ನೋಟದ ಬಂಡೆ ಎಂದು ಹೆಸರಿಟ್ಟರು. ಅದರ ಬಲಗಡೆ ಹುಲ್ಲಿನ ಇಳಿಜಾರು. ನೋಡಲು ಮೆತ್ತಗೆ, ಸಾಧುವಾಗಿ ಕಾಣುತ್ತದೆ. ಮೂವತ್ತು ಹೆಜ್ಜೆಗೆ ಅದು ಮುಗಿದು, ಎರಡು ತೆಂಗಿನ ಮರದಷ್ಟು ಆಳದ ಕಮರಿ.

ಆಡು ಕುರಿ ತುಳಿದ ಜಾಡುಗಳು ಗುಡ್ಡದ ತುಂಬ ಇದ್ದವು. ಹೊಸಬರಿಗೆ ಯಾವುದು ದಾರಿ ಎಂದು ತಿಳಿಯುತ್ತಿರಲಿಲ್ಲ. ಒಮ್ಮೆ ಅರಸೀಕೆರೆಯ ಒಂದು ಸಂಸಾರ ಮಕ್ಕಳೊಂದಿಗೆ ಮಧ್ಯಾಹ್ನದವರೆಗೂ ಬಿಸಿಲಲ್ಲಿ ಸುತ್ತಿ ಸುಸ್ತಾಗಿ ಕೂತಿದ್ದನ್ನು ಕಂಡ ಮೇಲೆ ಮೇಷ್ಟರು ಬಿಳಿ ಪೇಂಟಿನ ಡಬ್ಬ ಹೊತ್ತುಕೊಂಡು ಹೋದರು. ಕಬಡ್ಡಿ ಅಂಕಣಕ್ಕೆ ಗೆರೆ ಎಳೆದು ಪಳಗಿದ ಕೈ. ಬುಡದಿಂದ ನೆತ್ತಿಯವರೆಗೆ ಕಲ್ಲುಗಳ ಮೇಲೆ ಮೊಳದುದ್ದದ ಬಾಣಗಳನ್ನು ಬರೆದರು. ಆಮೇಲೆ ಭಾನುವಾರ ಬೆಳಿಗ್ಗೆ ಜನರನ್ನು ಕರೆದುಕೊಂಡು ಹೋಗುವುದೂ ಶುರುವಾಯಿತು. ಬೇಲೂರಿನಿಂದ, ಅರೇಹಳ್ಳಿಯಿಂದ, ಹಾಸನದಿಂದಲೂ ಬಂದರು. ಯಾರೋ ಮೊಬೈಲಿನಲ್ಲಿ ವಿಡಿಯೊ ಹಾಕಿದರು. ಮೇಷ್ಟರಿಗೆ ಬಾಣದ ಮೇಷ್ಟ್ರು ಎಂಬ ಹೆಸರು ಬಿತ್ತು. ಅದು ಅವರಿಗೆ ಇಷ್ಟವೂ ಆಯಿತು.

ಹೋದ ವರ್ಷದ ಬೇಸಿಗೆಯಲ್ಲಿ ಗುಡ್ಡದ ಹಿಂಬದಿಗೆ ಜೆಸಿಬಿ ಬಂತು. ರಸ್ತೆಗೆ ಹಾಕಲು ಗ್ರಾವೆಲ್ ಬೇಕಿತ್ತಂತೆ. ಬುಡದ ಕೆಮ್ಮಣ್ಣನ್ನು ದಿನವಿಡೀ ಬಗೆದು ಟಿಪ್ಪರಿಗೆ ತುಂಬುತ್ತಿದ್ದರು. ಮೇಷ್ಟರು ಹೋಗಿ ಹೇಳಿದರು. ಕಂಟ್ರಾಕ್ಟರ್ ಕಡೆಯವನು ನಕ್ಕ.

"ಇದೇನು ನಿಮ್ ಸ್ಕೂಲ್ ಫೀಲ್ಡಾ ಮೇಷ್ಟ್ರೇ? ಪರ್ಮಿಶನ್ ಐತೆ, ಹೋಗಿ."

ಗುಡ್ಡದಲ್ಲಿ ಆಡು ಮೇಯಿಸುವ ಲಕ್ಕಮ್ಮ ಒಂದು ದಿನ ದಾರಿಯಲ್ಲಿ ಸಿಕ್ಕಿದಳು. ಅರವತ್ತು ದಾಟಿದ ಹೆಂಗಸು. ಆ ಗುಡ್ಡದಲ್ಲೇ ಹುಟ್ಟಿ ಬೆಳೆದಂತೆ ಓಡಾಡುವವಳು.

"ಮ್ಯಾಕ್ಕೆ ಆಡು ಹೋಗ್ತಿಲ್ಲ ಮೇಷ್ಟ್ರೇ. ಹೊಡುದ್ರೂ ಹೋಗಾಕಿಲ್ಲ."

"ಚಿರತೆ ವಾಸನೆ ಹಿಡಿದಿರ್ಬೇಕು ಕಣಮ್ಮ."

"ಚಿರತೆ ನಾನು ಕಂಡಿಲ್ವಾ? ಚಿರತೆ ಅಂದ್ರೆ ಓಡ್ತವೆ. ಇವು ನಿಂತ್ಕೊಂಡು ನೆಲ ನೋಡ್ತವೆ."

ಮೇಷ್ಟರು ನಕ್ಕು ಮುಂದೆ ಹೋದರು. ಆದರೆ ಆ ದಿನ ಕಾಲಡಿ ಗಮನವಿಟ್ಟು ನಡೆದರು. ಹತ್ತು ವರ್ಷ ಅಲುಗದ ಒಂದು ಮೆಟ್ಟುಗಲ್ಲು ಹೆಜ್ಜೆಯಿಟ್ಟಾಗ ಕುಲುಕಿತು. ಗಾಳಿ ನಿಂತ ಹೊತ್ತಿನಲ್ಲೂ ಎಲ್ಲೋ ಸಣ್ಣ ಕಲ್ಲು ಉರುಳುವ ಸದ್ದು. ನೋಟದ ಬಂಡೆಯ ಕೆಳಗೆ ಹುಲ್ಲಿನ ನಡುವೆ ಬೆರಳು ತೂರುವಷ್ಟು ಬಿರುಕೊಂದು ಹಾವಿನಂತೆ ಹರಿದುಹೋಗಿತ್ತು. ಬಗ್ಗಿ ಕೈಯಿಟ್ಟರು. ಒಳಗಿನಿಂದ ತಣ್ಣನೆ ಗಾಳಿ ಬಂತು.

ಈ ದಾರಿಗೆ ಜನ ಬರುವುದನ್ನು ನಿಲ್ಲಿಸಬೇಕು ಎಂದು ಅವತ್ತೇ ಅನ್ನಿಸಿತು. ಆದರೆ ಮುಂದಿನ ಭಾನುವಾರಕ್ಕೆ ಹಾಸನದಿಂದ ಮೂವತ್ತು ಜನ ಬರುವುದಿತ್ತು. ಅದಾದ ಮೇಲೆ ಇನ್ನೊಂದು ತಂಡ. ಬೇಡವೆನ್ನಲು ನಾಲಿಗೆ ಏಳಲಿಲ್ಲ. ಹೆಂಡತಿ ಶಾಂತವೀರಮ್ಮನಿಗೂ ಬಿರುಕಿನ ಸುದ್ದಿ ಹೇಳಲಿಲ್ಲ.

ಅಕ್ಟೋಬರಿನಲ್ಲಿ ಐದು ದಿನ ಬಿಡದೆ ಮಳೆ ಹಿಡಿಯಿತು. ಅದಕ್ಕೆ ಮೊದಲೇ ಮೇಷ್ಟರ ಎಡಗಾಲಿನ ಹೆಬ್ಬೆರಳಿಗೆ ಗಾಯವಾಗಿ, ಸಕ್ಕರೆ ಕಾಯಿಲೆಯಿಂದ ಮಾಯದೆ, ಹನ್ನೊಂದು ದಿನ ಗುಡ್ಡದ ಕಡೆ ಹೋಗಿರಲಿಲ್ಲ. ಶನಿವಾರ ಸಂಜೆ ಹೇಮಾಶ್ರೀ ಫೋನ್ ಮಾಡಿದಳು. ಅವರ ಹಳೆಯ ವಿದ್ಯಾರ್ಥಿನಿ, ಈಗ ಬೇಲೂರಿನಲ್ಲಿ ಟೀಚರು.

"ಸರ್, ನಾಳೆ ನಾನೂ ಹೇಮಂತ್ ಬೋಳುಗಲ್ಲಿಗೆ ಹೋಗ್ತಿದೀವಿ. ಮದ್ವೆ ಆದಾಗಿಂದ ಕರ್ಕೊಂಡ್ ಹೋಗು ಅಂತಿದ್ರು. ನೀವೂ ಬರ್ತೀರಾ?"

"ಕಾಲಿಗೆ ಗಾಯ ಕಣಮ್ಮ."

"ಅಯ್ಯೋ. ಹಾಗಾದ್ರೆ ನಾವೇ ಹೋಗ್ತೀವಿ. ದಾರಿ ಗೊತ್ತಾಗುತ್ತಲ್ವಾ?"

ಮೇಷ್ಟರಿಗೆ ಬಿರುಕು ನೆನಪಾಯಿತು. ಆದರೂ ಎಂದಿನ ಮಾತೇ ಬಾಯಿಗೆ ಬಂತು.

"ಬಾಣ ಇದಾವಲ್ಲ. ಅದನ್ನೇ ಹಿಡ್ಕೊಂಡು ಹೋಗಿ. ದಾರಿ ತಪ್ಪಲ್ಲ."

ಬೆಳಿಗ್ಗೆ ಆರಕ್ಕೆ ಎದ್ದು ಬಾಗಿಲು ತೆಗೆದರೆ ಎದುರು ಮನೆ ಕಾಣದಷ್ಟು ಮಂಜು. ಫೋನ್ ಮಾಡಿದರು, ಸಿಗಲಿಲ್ಲ. ಮತ್ತೆ ಮಾಡಿದರು. ಶಾಂತವೀರಮ್ಮ ಕಾಫಿ ಹಿಡಿದು ಬರುವಷ್ಟರಲ್ಲಿ ಕಾಲಿನ ಬ್ಯಾಂಡೇಜಿನ ಮೇಲೆ ಪ್ಲಾಸ್ಟಿಕ್ ಕವರ್ ಸುತ್ತಿ, ಶೂ ತೂರಿಸಿ, ಬೈಕ್ ಹತ್ತಿದ್ದರು.

ಗುಡ್ಡದ ಬುಡದಲ್ಲಿ ಲಕ್ಕಮ್ಮ ಗೋಣಿ ಹೊದ್ದು ನಿಂತಿದ್ದಳು. ಆಡುಗಳು ಅವಳ ಸುತ್ತ ಒತ್ತಿಕೊಂಡಿದ್ದವು.

"ಯಾರಾದ್ರೂ ಹತ್ತುದ್ರಾ ಲಕ್ಕಮ್ಮ?"

"ಗಂಡ ಹೆಂಡ್ತಿ ಇಬ್ರು ಹೋದ್ರು. ಬ್ಯಾಡ ಅಂದೆ. ಬಾಣ ಐತೆ ಬಿಡಜ್ಜಿ ಅಂದ್ರು."

ಮೇಷ್ಟರು ಹತ್ತಿದರು. ಹೆಬ್ಬೆರಳು ಹೆಜ್ಜೆಹೆಜ್ಜೆಗೂ ಕುಕ್ಕುತ್ತಿತ್ತು. ಮಳೆನೀರು ದಾರಿಯನ್ನು ಅಲ್ಲಲ್ಲಿ ಕೊರೆದಿತ್ತು; ಕಲ್ಲುಗಳು ಹಲ್ಲಿನಂತೆ ಹೊರಗೆ ಬಂದಿದ್ದವು. ತಾವೇ ಬರೆದ ಬಾಣಗಳು ಮಂಜಿನಲ್ಲಿ ಒಂದೊಂದಾಗಿ ಎದುರಾಗುತ್ತಿದ್ದವು. ಎಲ್ಲ ಸರಿಯಾಗೇ ಇವೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುತ್ತ ನೆತ್ತಿಯ ಹತ್ತಿರದ ಕವಲಿಗೆ ಬಂದರು.

ಕವಲಿನಲ್ಲಿ ಗುಂಡಗಿನ ದೊಡ್ಡ ಕಲ್ಲೊಂದಿತ್ತು. ಅದರ ಮೇಲಿನ ಬಾಣ ಎಡಕ್ಕೆ, ನೋಟದ ಬಂಡೆಯ ಕಡೆಗೆ ತೋರಿಸುತ್ತಿತ್ತು. ಈಗ ಕಲ್ಲಿನ ಬುಡದ ಮಣ್ಣು ಕುಸಿದು, ಕಲ್ಲು ಕೂತಲ್ಲೇ ಅರ್ಧ ಸುತ್ತು ತಿರುಗಿತ್ತು. ಬಾಣ ಸ್ವಲ್ಪವೂ ಮಾಸಿರಲಿಲ್ಲ. ಬೆಳ್ಳಗೆ, ನೇರವಾಗಿ, ಹುಲ್ಲಿನ ಇಳಿಜಾರಿನ ಕಡೆಗೆ ತೋರಿಸುತ್ತಿತ್ತು. ಆ ಕಡೆಯ ಒದ್ದೆ ಹುಲ್ಲಿನಲ್ಲಿ ಇಬ್ಬರು ನಡೆದ ಜಾಡು.

ಮೇಷ್ಟರ ಬೈಕಿನ ಬೀಗದಕೈ ಗೊಂಚಲಲ್ಲಿ ಹಳೆಯ ಸೀಟಿ ಇತ್ತು, ತೆಗೆದು ಊದಿದರು. ಮಂಜಿನೊಳಗಿಂದ ಹೇಮಾಶ್ರೀಯ ದನಿ ಬಂತು.

"ಸರ್... ಹೇಮಂತ್ ಇಲ್ಲೇ ಮುಂದೆ ಇದ್ರು ಸರ್. ಈಗ ಕಾಣಿಸ್ತಿಲ್ಲ."

"ಇದ್ದಲ್ಲೇ ಕೂತ್ಕೊ. ಒಂದು ಹೆಜ್ಜೆನೂ ಇಡ್ಬೇಡ. ಕೂತ್ಕೊಂಡ್ಯಾ?"

"ಕೂತೆ ಸರ್."

ಹೊಟ್ಟೆಯ ಮೇಲೆ ತೆವಳುತ್ತ ಮೇಷ್ಟರು ಅವಳ ಹತ್ತಿರ ಹೋದರು. ಅವಳು ಕೂತಲ್ಲಿಂದ ನಾಲ್ಕೇ ಮಾರು ಮುಂದೆ ನೆಲ ಮುಗಿದಿತ್ತು. ಕೆಳಗಿನಿಂದ ಒಂದು ನರಳಾಟ ಕೇಳಿತು. ಅವಳನ್ನು ಹಿಂದಕ್ಕೆ ಕವಲಿನವರೆಗೆ ಕರೆತಂದು, ಲಕ್ಕಮ್ಮನಿಗೆ ಕೇಳುವಂತೆ ಸೀಟಿ ಊದಿದರು, ಊದುತ್ತಲೇ ಇದ್ದರು. ಆ ಮುದುಕಿ ಹತ್ತಿರದ ತೋಟಗಳಿಂದ ಐದಾರು ಜನರನ್ನು ಹಗ್ಗದೊಂದಿಗೆ ಕರೆದುಕೊಂಡು ಬರುವಷ್ಟರಲ್ಲಿ ಗಂಟೆ ಒಂಬತ್ತಾಗಿತ್ತು. ಹೇಮಂತ್ ಕಮರಿಯ ಅರ್ಧದಲ್ಲಿ ಕಾರೆ ಕಂಟಿಗೆ ಸಿಕ್ಕಿಕೊಂಡು ಬಂಡೆಯ ಚಾಚಿನ ಮೇಲೆ ಬಿದ್ದಿದ್ದ. ಜೀವವಿತ್ತು. ಬಲಗಾಲು ಮಂಡಿಯ ಹತ್ತಿರ ಇರಬಾರದ ದಿಕ್ಕಿಗೆ ತಿರುಗಿತ್ತು.

ಎರಡು ಆಪರೇಷನ್ ಆದವು. ಮಂಡಿ ಈಗಲೂ ಪೂರ್ತಿ ಮಡಿಸಲು ಆಗುವುದಿಲ್ಲ. ಮೇಷ್ಟರು ಬೇಲೂರಿಗೆ ಅವರ ಮನೆಗೆ ಹೋದಾಗ ಹೇಮಾಶ್ರೀ ಬಾಗಿಲಲ್ಲೇ ಕೈಮುಗಿದು, ಒಳಗೆ ಕೂರಿಸಿ ಕಾಫಿ ಕೊಟ್ಟಳು.

"ನೀವು ಬಂದಿದ್ದಕ್ಕೆ ಇವ್ರು ಉಳ್ಕೊಂಡ್ರು ಸರ್. ನಾನೂ ಉಳ್ಕೊಂಡೆ."

ಆ ಮಾತು ಕೇಳಿಕೊಂಡು ಸುಮ್ಮನೆ ಎದ್ದು ಬರಬಹುದಿತ್ತು. ಮೇಷ್ಟರಿಗೆ ಆಗಲಿಲ್ಲ.

"ಗುಡ್ಡ ಅಲುಗ್ತಿದೆ ಅಂತ ನಂಗೆ ಮೊದ್ಲೇ ಗೊತ್ತಿತ್ತು ಕಣಮ್ಮ. ಬಿರುಕಿನೊಳಗೆ ಕೈ ಇಟ್ಟು ನೋಡಿದ್ದೆ. ಆದ್ರೂ ನಿಂಗೆ ಹೋಗು ಅಂದೆ."

ಮಂಚದ ಮೇಲಿದ್ದ ಹೇಮಂತ್ ಗೋಡೆ ನೋಡಿದ. ಹೇಮಾಶ್ರೀ ಮೇಷ್ಟರ ಮುಂದಿನ ಕಾಫಿ ಲೋಟ ತೆಗೆದುಕೊಂಡು ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ. ಅಂದಿನಿಂದ ಫೋನೂ ಮಾಡಿಲ್ಲ.

ಜೆಸಿಬಿ ಕೆಲಸ ಸದ್ಯಕ್ಕೆ ನಿಂತಿದೆ. ಮೇಷ್ಟರು ಗಾಯ ಮಾಯ್ದ ಮೇಲೆ ಕರಿ ಪೇಂಟು, ತಂತಿ ಬ್ರಷ್ಷು ತೆಗೆದುಕೊಂಡು ಗುಡ್ಡ ಹತ್ತಿದರು. ಒಂದೊಂದು ಬಾಣವನ್ನೂ ಉಜ್ಜಿ, ಮೇಲೆ ಕಪ್ಪು ಬಳಿದರು. ನಾಲ್ಕು ದಿನ ಹಿಡಿಯಿತು. ಬರೆದದ್ದು ನಲವತ್ತಮೂರು ಎಂದು ಅವರಿಗೆ ಚೆನ್ನಾಗಿ ನೆನಪಿದೆ. ಅಳಿಸಿದ್ದು ನಲವತ್ತೆರಡು.

ನಡುದಾರಿಯಲ್ಲಿದ್ದ ಒಂದು ಕಲ್ಲು ಜಾಗದಲ್ಲಿರಲಿಲ್ಲ. ಅದು ಕೂತಿದ್ದ ಕಡೆ ತೇವದ ಹಳ್ಳವೊಂದೇ ಇತ್ತು. ಉರುಳಿ ಕೆಳಗೆ ಹೋಗಿದೆಯೋ, ಸೊಂಟದೆತ್ತರದ ಹುಲ್ಲಿನಲ್ಲಿ ಬಾಣ ಮೇಲೆ ಮಾಡಿಕೊಂಡು ಎಲ್ಲಾದರೂ ಕೂತಿದೆಯೋ ತಿಳಿಯದು. ಮೇಷ್ಟರು ಈಗಲೂ ದಿನಾ ಹೋಗುತ್ತಾರೆ, ಕೋಲಿನಿಂದ ಹುಲ್ಲು ಸರಿಸಿ ಸರಿಸಿ ಹುಡುಕುತ್ತಾರೆ. ಲಕ್ಕಮ್ಮ ಬುಡದಲ್ಲೇ ಆಡು ಮೇಯಿಸುತ್ತ, ಹತ್ತಲು ಬಂದವರನ್ನು ತಡೆದು ಹೇಳುತ್ತಾಳೆ: "ಮ್ಯಾಲೆ ಒಂದ್ ಬಾಣ ಉಳ್ಕೊಂಡೈತೆ. ಕಂಡ್ರೆ ಆ ಕಡೆ ಮಾತ್ರ ಹೋಗ್ಬ್ಯಾಡಿ."

ಕೆಲವರು ಹಿಂತಿರುಗುತ್ತಾರೆ. ಕೆಲವರು ನಕ್ಕು ಹತ್ತುತ್ತಾರೆ.