ಮಧ್ಯಾಹ್ನದ ನೆರಳು ಕೇಳುವ ವಸಂತಾ

ಅಮೆರಿಕದ ಜಾರ್ಜಿಯಾ ರಾಜ್ಯದ ಲಾರೆನ್ಸ್‌ವಿಲ್‌ನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ನರ್ಸರಿಯೊಳಗೆ ಆಗಲೇ ನೀರಿನ ಪೈಪು ಎಳೆಯುವ ಸದ್ದು. ಮೊಣಕೈವರೆಗೆ ಹಳೆಯ ಕಾಲುಚೀಲ ಏರಿಸಿಕೊಂಡ ವಸಂತಾ, ಹಾಪ್ ಬಳ್ಳಿಯ ಎಲೆಗಳನ್ನು ಮಗುಚಿ ಬೂಷ್ಟು ಹಿಡಿದಿದೆಯೇ ಎಂದು ನೋಡುತ್ತಿದ್ದಾರೆ. “ಈ ಬಳ್ಳಿ ಮುಟ್ಟಿದ್ರೆ ಬೆಕ್ಕು ಪರಚಿದ ಹಾಗೆ. ಗ್ಲೌಸ್ ಸಾಲಲ್ಲ, ನಮ್ಮನೆಯವ್ರ ಸಾಕ್ಸೇ ಬೇಕು!” ಎಂದು, ಮಾತಾಡಿಸಲು ಬಂದ ನನ್ನತ್ತ ತಿರುಗಿ ನಗುತ್ತಾರೆ.

ಬಿಯರಿಗೆ ಕಹಿಯನ್ನೂ ಪರಿಮಳವನ್ನೂ ಕೊಡುವುದು ಹಾಪ್ ಹೂವು. ಮನೆಯಲ್ಲೇ ಬಿಯರ್ ತಯಾರಿಸುವ ಹವ್ಯಾಸಿಗಳು ಹಿತ್ತಲಿಗೆ ಯಾವ ತಳಿ ಒಳ್ಳೆಯದೆಂದು ಕೇಳಿಕೊಂಡು ಬರುವುದು ವಸಂತಾ ಅವರ ಹತ್ತಿರ. ಅವರು ಬಿಯರನ್ನು ಬಾಯಿಗಿಟ್ಟವರಲ್ಲ. ಆದರೆ ಬಳ್ಳಿ ಹಬ್ಬಿಸುವುದು ಗೊತ್ತು. ಮೈಸೂರಿನಲ್ಲಿ ತಂದೆಗೆ ವೀಳ್ಯದೆಲೆ ತೋಟವಿತ್ತು. ಪತಿ ಕೇಶವಮೂರ್ತಿಯವರ ವೀಸಾದ ಮೇಲೆ ಬಂದ ಅವರು ವರ್ಷಗಟ್ಟಲೆ ಕೆಲಸ ಮಾಡುವಂತಿರಲಿಲ್ಲ. 2021ರಲ್ಲಿ ಕೆಲಸದ ಪರ್ಮಿಟ್ ಕೈಸೇರಿದ್ದೇ ತಡ, ಈ ನರ್ಸರಿಯಲ್ಲಿ ಕುಂಡಗಳಿಗೆ ನೀರು ಹಾಕಲು ಸೇರಿಕೊಂಡರು.

ಮೊದಲ ಬೇಸಿಗೆ ಕಣ್ಣೀರು ತರಿಸಿತು. ಹೆಸರಿಗೆ ಮರುಳಾಗಿ ಜನ ಕೊಂಡೊಯ್ದ ಯುರೋಪಿನ ತಳಿಗಳು ಜಾರ್ಜಿಯಾದ ಸೆಖೆಗೆ ಸುಟ್ಟುಹೋದವು. ಗಿರಾಕಿಗಳು ಒಣಗಿದ ಕುಂಡ ಹಿಡಿದು ವಾಪಸು ಬಂದರು. ಮಾಲೀಕರು ಹಾಪ್ ಸಾಲನ್ನೇ ತೆಗೆಸಲು ಹೊರಟಾಗ, ಇನ್ನೊಂದು ಬೇಸಿಗೆ ಸಮಯ ಕೊಡಿ ಎಂದು ವಸಂತಾ ಅಡ್ಡ ನಿಂತರು. ತಮ್ಮ ಮನೆಯ ಬೇಲಿಗೆ ನಾಲ್ಕು ತಳಿ ಹಬ್ಬಿಸಿದರು. ಬದುಕಿದ್ದು ಕ್ಯಾಸ್ಕೇಡ್ ಎಂಬ ತಳಿ ಒಂದೇ. ಸಾಲು ಉಳಿಯಿತು. ಅಂದಿನಿಂದ ಯಾರೇ ಕೇಳಲಿ, ಅವರದು ಒಂದೇ ಉತ್ತರ: ಕ್ಯಾಸ್ಕೇಡ್.

ಒಪ್ಪದವನು ಅವಿನಾಶ್. ಸಾಫ್ಟ್‌ವೇರ್ ಕೆಲಸದ ಈ ಹುಡುಗನಿಗೆ ಚಿನೂಕ್ ತಳಿಯೇ ಬೇಕಿತ್ತು.

“ಬೇಡಪ್ಪ, ನಮ್ಮನೇಲಿ ಅದು ಸತ್ತೇ ಹೋಯ್ತು.”

“ಒಂದ್ ಚಾನ್ಸ್ ತಗೋತೀನಿ ಆಂಟಿ. ಅದ್ರ ಸ್ಮೆಲ್ಲೇ ಬೇರೆ.”

ಅದು ಎರಡು ವರ್ಷದ ಹಿಂದಿನ ಮಾತು. ಈಗ, ನೀರು ಹಾಕುವುದು ಮುಗಿಯುವ ಮೊದಲೇ ಅವನ ಫೋನ್: “ಆಂಟಿ, ಬೇಗ ಬನ್ನಿ! ಬಳ್ಳಿ ತುಂಬಾ ಹೂ!”

ಊಟದ ಬಿಡುವಿನಲ್ಲಿ ವಸಂತಾ ನನ್ನನ್ನೂ ಕೂರಿಸಿಕೊಂಡು ಅವನ ಮನೆಗೆ ಕಾರು ಓಡಿಸುತ್ತಾರೆ. ಮನೆಯ ಪೂರ್ವದ ಗೋಡೆಗೆ ಕಟ್ಟಿದ ಹಗ್ಗದುದ್ದಕ್ಕೂ ಹಸಿರು ಗೊಂಚಲು. ಒಂದು ಹೂ ಕಿತ್ತು ಸೀಳುತ್ತಾರೆ, ಬೆರಳಿಗೆ ಅರಿಸಿನದಂಥ ಪುಡಿ ಹತ್ತುತ್ತದೆ. ಮೂಸಿದವರೇ ಕುಣಿದಾಡುವುದೊಂದು ಬಾಕಿ. “ಅಯ್ಯೋ, ಪೈನ್ ಮರ ಉಜ್ಜಿದ ಹಾಗಿದೆ ಕಣೋ!”

ತಲೆಯೆತ್ತಿ ಬಿಸಿಲು ನೋಡುತ್ತಾರೆ. ಸೂರ್ಯ ಆಗಲೇ ಮನೆಯ ಹಿಂದಕ್ಕೆ ಸರಿದಿದ್ದಾನೆ, ಬಳ್ಳಿ ನೆರಳಲ್ಲಿ ತಂಪಾಗಿ ನಿಂತಿದೆ.

“ನಾನೇ ತಪ್ಪು ಹೇಳಿದ್ದೆ, ಅವಿನಾಶ್. ತಳೀದೇನೂ ತಪ್ಪಿಲ್ಲ. ನಮ್ಮ ಬೇಲಿ ಇಡೀ ದಿನ ಉರಿಬಿಸಿಲಲ್ಲಿರತ್ತೆ. ಚಳಿಗಾಲದಲ್ಲಿ ನೆಡೋಕೆ ಒಂದ್ ತುಂಡು ಬೇರು ಕೊಡ್ತೀಯಾ?”

“ಒಂದೇನು ಆಂಟಿ, ಎಷ್ಟ್ ಬೇಕಾದ್ರೂ ತಗೊಳ್ಳಿ!”

ವಾಪಸು ಬರುವಾಗ ವಸಂತಾ ಅವರ ಮಾತು ನಿಲ್ಲುವುದೇ ಇಲ್ಲ. ಬರುವ ವಸಂತದಲ್ಲಿ ನರ್ಸರಿಯ ಮೇಜಿನ ಮೇಲೆ ಕ್ಯಾಸ್ಕೇಡ್, ಚಿನೂಕ್ ಎರಡೂ ತಳಿ ಇಡಬೇಕು, ಅಷ್ಟೇ ಅವರ ಆಸೆ. “ಇನ್ಮೇಲೆ ಯಾರಿಗೂ ತಕ್ಷಣ ಉತ್ತರ ಹೇಳಲ್ಲ. ಮೊದ್ಲು ಕೇಳ್ತೀನಿ, ನಿಮ್ಮನೇಲಿ ಮಧ್ಯಾಹ್ನದ ನೆರಳು ಎಲ್ಲಿ ಬೀಳತ್ತೆ ಅಂತ.”