ಏಳನೇ ಮಗ್ಗದವನ ಗೈರುಹಾಜರಿ

ಅಟ್ಟದ ಮೇಲಿನ ಟ್ರಂಕು ತೆಗೆದ ಕೂಡಲೇ ಹಳೇ ಅಂಟಿನ ವಾಸನೆ ಮೂಗಿಗೆ ಬಡಿಯಿತು. ಬೈಂಡಿಂಗ್ ಅಂಗಡಿಯವನು ಮೈದಾ ಅಂಟಿಗೆ ಮೈಲುತುತ್ತ ಬೆರೆಸಿ ನನ್ನ ಓದಿನ ಕಾಲದ ಪ್ರಾಜೆಕ್ಟ್ ವರದಿಯ ರಟ್ಟಿಗೆ ಬಳಿದಿದ್ದ. ಪುಣ್ಯಾತ್ಮ ಎಷ್ಟು ಬೆರೆಸಿದ್ದನೋ, ಇಷ್ಟು ವರ್ಷವಾದರೂ ಒಂದು ಹುಳ ಹತ್ತಿರ ಸುಳಿದಿಲ್ಲ. ಹುಳ ತಿಂದಿದ್ದರೆ ನಾನು ಬೇಸರಪಡುತ್ತಿರಲಿಲ್ಲ.

ಕೆಳಗೆ ಏಣಿ ಹಿಡಿದು ನಿಂತವಳು ನನ್ನ ಅಣ್ಣನ ಮಗಳು ಸುಧಾ. ಧಾರವಾಡದಲ್ಲಿ ಎಂ.ಬಿ.ಎ. ಓದುತ್ತಾಳೆ, ರಜೆಗೆಂದು ಜಮಖಂಡಿಗೆ ಬಂದಿದ್ದಾಳೆ. ಮಾನವ ಸಂಪನ್ಮೂಲದಲ್ಲಿ ಪ್ರಾಜೆಕ್ಟ್ ಮಾಡಬೇಕಂತೆ, ವಿಷಯ ಆರಿಸಿಕೊಳ್ಳಬೇಕಂತೆ. ಕಾಕಾನಿಗೆ ಇದೇ ವಿಷಯದಲ್ಲಿ ಫಸ್ಟ್ ಕ್ಲಾಸ್ ಬಂದಿತ್ತು, ಕಾಕಾ ಈಗ ಕಾರ್ಖಾನೆಯಲ್ಲಿ ಪರ್ಸೊನೆಲ್ ಅಧಿಕಾರಿ, ಅಂದಮೇಲೆ ಅವನದನ್ನೇ ನೋಡಿ ಬರೆದರಾಯಿತು ಎಂಬುದು ಅವಳ ಲೆಕ್ಕ. ಕೈಯಲ್ಲಿ ಹತ್ತು ವಿಷಯಗಳ ಪಟ್ಟಿ. ಮೊದಲನೆಯದೇ ‘ಕಾರ್ಮಿಕರ ಗೈರುಹಾಜರಿ’. ನಾನು ವರದಿಯನ್ನು ಕಂಕುಳಲ್ಲಿಟ್ಟುಕೊಂಡು ಏಣಿ ಇಳಿದೆ.

ನಮ್ಮ ಕಾಲಕ್ಕೆ ಮಾನವ ಸಂಪನ್ಮೂಲ ಎಂಬ ಘನವಾದ ಹೆಸರಿರಲಿಲ್ಲ. ಪರ್ಸೊನೆಲ್ ಅನ್ನುತ್ತಿದ್ದರು, ಎಲ್ಲಿಯೂ ಸೀಟು ಸಿಗದವರು ಅದನ್ನು ತೆಗೆದುಕೊಳ್ಳುತ್ತಿದ್ದರು. ನಾನೂ ಹಾಗೇ ಹೋದವನು. ವಿಷಯ ಹೇಗೆ ಆರಿಸಬೇಕೆಂದು ಕೇಳಿದ್ದಕ್ಕೆ ನಮ್ಮ ಗೈಡು ಸಾಹೇಬರು ಕನ್ನಡಕ ಒರೆಸುತ್ತ, ಮಾಹಿತಿ ಸಿಗಬೇಕು, ಮಾಲಕರ ಸಹಿ ಸಿಗಬೇಕು, ಬೇಸಿಗೆಯೊಳಗೆ ಮುಗಿಯಬೇಕು, ಇಷ್ಟೇ ಎಂದರು. ಅದರಿಂದ ಯಾರಿಗೆ ಏನಾಗಬೇಕು ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಸಮೀರವಾಡಿಯ ಸಕ್ಕರೆ ಕಾರ್ಖಾನೆಯನ್ನು ಆಗಲೇ ನನ್ನ ಇಬ್ಬರು ಗೆಳೆಯರು ಹಂಚಿಕೊಂಡಿದ್ದರು. ಮುಧೋಳ, ಬೀಳಗಿ ಎಲ್ಲ ಬಸ್ಸಿನಲ್ಲಿ ಸುತ್ತಿ, ಅಂಗಿ ಬೆವರಿನಲ್ಲಿ ತೊಯ್ದದ್ದಷ್ಟೇ ಆಯಿತು. ಕೊನೆಗೆ ಸಾಲಿ ಮಾಸ್ತರರಾಗಿದ್ದ ನಮ್ಮಪ್ಪ, ತಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಬನಹಟ್ಟಿಯಲ್ಲಿ ಪಾವರ್‌ಲೂಮ್ ಶೆಡ್ಡು ಇಟ್ಟಿದ್ದಾರೆ, ಹನ್ನೆರಡು ಮಗ್ಗ ಇವೆ ಎಂದು ಚೀಟಿ ಬರೆದುಕೊಟ್ಟರು.

ಸಾವಕಾರರು ಒಳ್ಳೆಯವರೇ. ಮಾಸ್ತರರ ಮಗ ಎಂದು ಕುರ್ಚಿ ಒರೆಸಿ ಕೂಡಿಸಿದರು, ಚಹಾ ತರಿಸಿದರು. ನಾನು ಇನ್ನೂ ಬಸಿಯಲ್ಲಿ ಚಹಾ ಆರಿಸುತ್ತಿರುವಾಗಲೇ ಹಾಜರಿ ಪುಸ್ತಕ ಮುಂದೆ ಇಟ್ಟು ಹೇಳಿದರು: “ಈ ಮಂದಿ ಯಾಕ ತಪ್ಪಸ್ತಾರ ಅನ್ನೂದೊಂದು ನಮಗ ತಿಳದಿಲ್ಲ ನೋಡ್ರಿ. ನೀವರೆ ಕಲತವ್ರು, ಹುಡುಕಿಕೊಡ್ರಿ.” ನಾನು ಅಲ್ಲೇ ಕಾಲೇಜಿಗೆ ಕೊಡಬೇಕಾದ ಅರ್ಜಿ ತೆಗೆದು, ಶೀರ್ಷಿಕೆಯ ಜಾಗದಲ್ಲಿ ‘ಗೈರುಹಾಜರಿ’ ಎಂದು ಪೆನ್ಸಿಲಿನಲ್ಲಿ ಬರೆದೆ. ನನ್ನ ಸಂಶೋಧನೆಯ ವಿಷಯ ಆಯ್ಕೆ ಒಂದು ಕಪ್ ಚಹಾದಲ್ಲಿ ಮುಗಿಯಿತು. ಆಗ ಭಾರೀ ಖುಷಿಯಾಗಿತ್ತು.

ನೀವು ಪಾವರ್‌ಲೂಮ್ ಶೆಡ್ಡಿನೊಳಗೆ ಹೋಗಿದ್ದೀರೋ ಇಲ್ಲವೋ. ಒಳಗೆ ಕಾಲಿಟ್ಟರೆ ಖಟಖಟ ಸದ್ದಿಗೆ ನಿಮ್ಮ ಮಾತು ನಿಮಗೇ ಕೇಳುವುದಿಲ್ಲ. ಅಲ್ಲಿ ಹೆಸರು ಹಿಡಿದು ಕೂಗಿದರೆ ಪ್ರಯೋಜನವಿಲ್ಲ. ಮಗ್ಗ ರಿಪೇರಿ ಮಾಡುವ ಜಾಬರ್ ಬೆರಳು ತೋರಿಸುತ್ತಿದ್ದ. ಒಂದು ಕೈಯ ಐದು ಬೆರಳು, ಇನ್ನೊಂದರ ಎರಡು, ಅಂದರೆ ಏಳನೇ ಮಗ್ಗದವನನ್ನು ಕರಿ ಎಂದು. ಹೊರಗೆ ಚಹಾದಂಗಡಿಯಲ್ಲೂ ಅವರು ಒಬ್ಬರನ್ನೊಬ್ಬರು ಮೂರನೇದು, ಒಂಬತ್ತನೇದು ಎಂದೇ ಕರೆಯುತ್ತಿದ್ದರು. ಸಾವಕಾರರ ಹಾಜರಿ ಪುಸ್ತಕದಲ್ಲೂ ಸಂಖ್ಯೆಯೇ. ಇದು ನನಗೆ ಎಷ್ಟು ಮೋಜೆನಿಸಿತೆಂದರೆ ವರದಿಯ ಪೀಠಿಕೆಯಲ್ಲಿ ಅರ್ಧ ಪುಟ ಬರೆದಿದ್ದೇನೆ. ಇಲ್ಲಿ ಸಂಖ್ಯೆಯೇ ಮನುಷ್ಯನ ಹೆಸರು ಎಂಬ ವಾಕ್ಯವೂ ಅದರಲ್ಲಿದೆ. ಗೈಡು ಸಾಹೇಬರು ಅದರ ಪಕ್ಕದಲ್ಲಿ ‘ಚೆನ್ನಾಗಿದೆ’ ಎಂದು ಗುರುತು ಹಾಕಿದ್ದರು.

ಏಳನೇ ಮಗ್ಗದವನು ಮೂವತ್ತರ ಆಸುಪಾಸಿನ ಬಡಕಲು ಮನುಷ್ಯ, ಹುಬ್ಬಿನ ಮೇಲೆಲ್ಲ ಹತ್ತಿಯ ನವಿರು. ಉಳಿದವರು ನನ್ನ ಪ್ರಶ್ನೆಗಳಿಗೆ ಹೂಂ, ಉಹೂಂ ಎಂದು ಜಾರಿಕೊಂಡರೆ ಇವನು ಮಾತ್ರ ಶೆಡ್ಡಿನ ಹಿಂದಿನ ತನ್ನ ಮನೆಗೆ ಕರೆದುಕೊಂಡು ಹೋದ. ಹೆಂಡತಿ ನೂಲಿನ ಕಂಡಿಕೆ ಸುತ್ತುವುದನ್ನು ಬಿಟ್ಟು ಎದ್ದು ಚುರುಮರಿ ಕೊಟ್ಟಳು. ಇಲ್ಲಿ ಹೇಳಿದ್ದು ಸಾವಕಾರರಿಗೆ ಮುಟ್ಟುವುದಿಲ್ಲವಷ್ಟೇ ಎಂದು ಅವಳು ಎರಡು ಸಲ ಕೇಳಿದಳು. ನಿಮ್ಮ ಹೆಸರು ಎಲ್ಲೂ ಬರುವುದಿಲ್ಲ, ಇದು ಶಾಸ್ತ್ರದ ಪ್ರಕಾರ ಗುಟ್ಟು ಎಂದು ನಾನು ಎದೆ ಸೆಟೆಸಿ ಹೇಳಿದೆ.

ಅವನು ಬಿಡಿಸಿ ಹೇಳಿದ. ಮಗ್ಗದ ಉದ್ದ ನೂಲಿಗೆ ಹಾಸು ಎನ್ನುತ್ತಾರೆ. ಹಾಸು ಮುಗಿದರೆ ಸಾವಕಾರರು ಹೊಸದು ತರಿಸುವವರೆಗೆ ಮಗ್ಗ ನಿಲ್ಲುತ್ತದೆ, ನಾಲ್ಕು ದಿನವೋ ಎಂಟು ದಿನವೋ. ಇವನು ದಿನಾ ಬಂದು, ನಿಂತ ಮಗ್ಗ ನೋಡಿ ಹಿಂದಿರುಗುತ್ತಾನೆ, ಪುಸ್ತಕದಲ್ಲಿ ಗೈರು ಎಂದು ಬೀಳುತ್ತದೆ. ಹೊಟ್ಟೆ ಕೇಳಬೇಕಲ್ಲ, ಆ ದಿನಗಳಲ್ಲಿ ರಬಕವಿಯ ಇನ್ನೊಂದು ಶೆಡ್ಡಿನಲ್ಲಿ ಕದ್ದು ನೇಯ್ದು ಬರುತ್ತಾನೆ. ಆದರೆ ಬೇರೆಯವರ ಮಗ್ಗ ಮುಟ್ಟಿದವನು ತನ್ನ ಶೆಡ್ಡಿಗೆ ಕಾಲಿಡಬಾರದು ಎಂಬುದು ಸಾವಕಾರರ ಕಟ್ಟಪ್ಪಣೆ.

“ನಾವು ಯಾಕ ಬರೂದಿಲ್ಲ ಅಂತ ಬರ್ಯಾಕತ್ತೀರಿ. ಬಂದಾಗ ಮಗ್ಗ ಯಾಕ ನಿಂತಿರ್ತಾವು ಅಂತ ಬರೀರಲ್ಲ” ಎಂದ.

ವಿಷಯ ಆಗಲೇ ಮಂಜೂರಾಗಿದೆ, ಇನ್ನು ಬದಲಿಸಲು ಬರುವುದಿಲ್ಲ ಎಂದೆ. ಸುಳ್ಳು. ಅರ್ಜಿ ನನ್ನ ಬಗಲಚೀಲದಲ್ಲೇ ಇತ್ತು, ಪೆನ್ಸಿಲಿನ ಅಕ್ಷರ ಅಳಿಸಲು ರಬ್ಬರೂ ಇತ್ತು. ಆದರೆ ಅವನು ಹೇಳಿದ ವಿಷಯ ಹಿಡಿದರೆ ಪ್ರಶ್ನೆಗಳನ್ನು ಸಾವಕಾರರಿಗೆ ಕೇಳಬೇಕಾಗುತ್ತಿತ್ತು. ಅವರು ಸಿಟ್ಟಾದರೆ ಸಹಿ ಎಲ್ಲಿಂದ ತರಲಿ? ಅವನ ಮಾತು ಖರೆ ಎಂದು ನನಗೆ ಅಲ್ಲೇ ಗೊತ್ತಾಗಿತ್ತು. ಚುರುಮರಿ ತಿಂದು ಎದ್ದು ಬಂದೆ.

ವರದಿಯಲ್ಲಿ ಒಬ್ಬರ ಹೆಸರನ್ನೂ ಹಾಕಲಿಲ್ಲ. ಹೆಸರಿನ ಬದಲು ಮಗ್ಗದ ಸಂಖ್ಯೆ ಹಾಕಿ, ಎದುರಿಗೆ ಕಾರಣ ಬರೆದು, ಗೆರೆ ಎಳೆದು ಚೆಂದದ ಕೋಷ್ಟಕ ಮಾಡಿದೆ. ಏಳು: ಬೇರೆ ಶೆಡ್ಡಿನಲ್ಲಿ ಕೆಲಸ. ಗೋಪ್ಯತೆ ಚೆನ್ನಾಗಿ ಕಾಪಾಡಿದ್ದೀರಿ ಎಂದು ಗೈಡು ಸಾಹೇಬರು ಮೆಚ್ಚಿದರು. ಒಂದು ಪ್ರತಿಯನ್ನು ರೆಕ್ಸಿನ್ ಕಟ್ಟಿಸಿ, ಕೃತಜ್ಞತೆಯೆಂದು ನಾನೇ ಹೋಗಿ ಸಾವಕಾರರ ಕೈಗೆ ಕೊಟ್ಟೆ. ಗೊತ್ತಿದ್ದೂ ಮಾಡಿದೆಯೋ ಗೊತ್ತಿಲ್ಲದೆಯೋ ಎಂದು ನೀವು ಕೇಳಬಹುದು. ನನ್ನದೇ ಪೀಠಿಕೆ ಓದಿದ ಮೇಲೆ ನಾನು ಏನೆಂದು ಉತ್ತರ ಕೊಡಲಿ?

ರಿಸಲ್ಟ್ ಬಂದಾಗ ಪೇಡೆ ಹಿಡಿದುಕೊಂಡು ಬನಹಟ್ಟಿಗೆ ಹೋದೆ. ಏಳನೇ ಮಗ್ಗದಲ್ಲಿ ಬೇರೆ ಯಾರೋ ನಿಂತಿದ್ದರು. ಜಾಬರನಿಗೆ ಬೆರಳಿನಲ್ಲಿ ಏಳು ತೋರಿಸಿ, ಎಲ್ಲಿ ಎಂಬಂತೆ ಕೈಯಾಡಿಸಿದೆ. ಅವನು ನನ್ನನ್ನು ಹೊರಗೆ ಕರೆತಂದು, ನಿಮ್ಮ ಪುಸ್ತಕ ಓದಿ ಸಾವಕಾರರು ಅವನನ್ನು ಕೈಬಿಟ್ಟರು ಎಂದ. ನಾನು ಹೆಸರೇ ಬರೆದಿಲ್ಲವಲ್ಲ ಎಂದೆ.

“ಹೆಸರ ಯಾಕ ಬೇಕ್ರಿ? ಏಳು ಅಂತ ಐತೆಲ್ಲ.”

ಅವನ ಮನೆ ಶೆಡ್ಡಿನ ಹಿಂದೆಯೇ, ಇಪ್ಪತ್ತು ಹೆಜ್ಜೆ. ನಾನು ಹೋಗಲಿಲ್ಲ. ಒಳಗೆ ಹೋಗಿ ಸಾವಕಾರರ ಎದುರು ಕೂತು ಪೇಡೆ ಕೊಟ್ಟೆ. ನಿಮ್ಮ ಪುಸ್ತಕದಿಂದ ಭಾಳ ಉಪಯೋಗ ಆತು ಎಂದು ಅವರು ಬೆನ್ನು ತಟ್ಟಿ, ನೌಕರಿಗೆ ಶಿಫಾರಸು ಪತ್ರ ಕೊಡುತ್ತೇನೆ ಎಂದರು. ಹಾಸಿನ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ, ಪತ್ರ ತೆಗೆದುಕೊಂಡೆ. ಅದೇ ಪತ್ರದ ಮೇಲೆ ನನಗೆ ಮೊದಲ ನೌಕರಿ ಸಿಕ್ಕಿತು.

ನಾಲ್ಕೈದು ವರ್ಷದ ನಂತರ ತೇರದಾಳ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ನನ್ನ ಎದುರು ಬಂದು ನಿಂತು ನಕ್ಕ. ತಲೆಯಲ್ಲಿ ಒಂದೂ ಕರಿಕೂದಲಿಲ್ಲ. “ನಾ ಏಳನೇದಾಂವರಿ” ಎಂದ. ಈಗ ಚಿಮ್ಮಡದ ಕಡೆ ಕೂಲಿಗೆ ಕಬ್ಬು ಕಡಿಯುತ್ತಾನಂತೆ. ಪುಸ್ತಕ ಪಾಸಾಯಿತೇ ಎಂದು ಕೇಳಿದ. ಫಸ್ಟ್ ಕ್ಲಾಸ್ ಎಂದೆ.

“ಛಲೋ ಆತು ಬಿಡ್ರಿ. ಯಾರಿಗರೆ ಉಪಯೋಗ ಆತು.”

ಚುಚ್ಚಿ ಆಡಿದನೇನೋ ಎಂದು ಮುಖ ನೋಡಿದೆ. ಇಲ್ಲ, ಮನಸಾರೆ ಅಂದಿದ್ದ. ಬಸ್ಸು ಬಂತು. ನಾನು ಹತ್ತಿದ ಮೇಲೆ ನನ್ನ ಚೀಲವನ್ನು ಅವನೇ ಕಿಟಕಿಯಿಂದ ಒಳಗೆ ಕೊಟ್ಟ. ತಪ್ಪಾಯಿತು ಎನ್ನಲು ಆಗಲೂ ಬಾಯಿ ಬರಲಿಲ್ಲ.

ಇಷ್ಟನ್ನೂ ಸುಧಾಳಿಗೆ ಹೇಳಿದೆ. ಮನೆಯಲ್ಲಿ ಯಾರಿಗೂ ಹೇಳಿರದ ಕತೆ ಇದು, ನನ್ನ ಹೆಂಡತಿಗೂ ಹೇಳಿರಲಿಲ್ಲ. ಅವಳು ಆ ಕೋಷ್ಟಕದ ಪುಟ ತೆರೆದು ತೊಡೆಯ ಮೇಲಿಟ್ಟುಕೊಂಡಳು. ಆಮೇಲೆ ಪೆನ್ನಿನ ಮುಚ್ಚಳ ತೆಗೆದು ಏಳರ ಪಕ್ಕ ಹಿಡಿದಳು.

“ಕಾಕಾ, ಅವರ ಹೆಸರೇನ್ರಿ?”

ಅವನ ಮನೆಯಲ್ಲಿ ಕೂತು ತಿಂದಿದ್ದೆ, ಅವನ ಬದುಕಿನ ಕಾರಣಗಳನ್ನೆಲ್ಲ ಬರೆದುಕೊಂಡಿದ್ದೆ, ತೇರದಾಳದಲ್ಲಿ ಎದುರು ಸಿಕ್ಕಾಗಲೂ ಮಾತಾಡಿದ್ದೆ. ಅವಳು ಪೆನ್ನು ಹಿಡಿದು ಕಾಯುತ್ತಲೇ ಇದ್ದಳು.

“ಕೇಳಿಲ್ಲವ್ವಾ” ಎಂದೆ.